ಕೈಯಲ್ಲಿ ಕ್ಯಾಮೆರಾ, ಎದುರಿಗೆ ಕೊನೆಯುಸಿರು

2016ರ ನವೆಂಬರ್ 7. ಬೆಂಗಳೂರಿನ ಹೊರವಲಯದ ತಿಪ್ಪಗೊಂಡನಹಳ್ಳಿ ಜಲಾಶಯ. ‘ಮಾಸ್ತಿಗುಡಿ’ ಸಿನಿಮಾದ ಕ್ಲೈಮ್ಯಾಕ್ಸ್ ಚಿತ್ರೀಕರಣ ನಡೆಯುತ್ತಿತ್ತು. ಹೆಲಿಕಾಪ್ಟರ್‌ನಿಂದ ಮೂವರು ನೀರಿಗೆ ಜಿಗಿದರು. ನಾಯಕ ನಟ ವಿಜಯ್ ಬದುಕಿ ದಡ ಸೇರಿದರು. ಲೈಫ್ ಜಾಕೆಟ್ ಇಲ್ಲದೆ ಜಿಗಿದಿದ್ದ ಅನಿಲ್ ಮತ್ತು ಉದಯ್ ನೀರಿನಲ್ಲಿ ಮುಳುಗಿ ಹೋದರು. ಅವರ ದೇಹಗಳನ್ನು ಹುಡುಕಿ ತೆಗೆಯಲು ದಿನಗಳೇ ಹಿಡಿದವು. ಜಿಗಿಯುವ ಮುನ್ನ ಟಿ.ವಿ. ಕ್ಯಾಮೆರಾ ಮುಂದೆ ನಿಂತ ಉದಯ್, ತಮಗೆ ಎತ್ತರ ಕಂಡರೆ ಭಯ, ಈಜು ಅಷ್ಟಾಗಿ ಬರುವುದಿಲ್ಲ ಎಂದು ಹೇಳಿಕೊಂಡಿದ್ದರು. ಆ ಮಾತೂ ರೆಕಾರ್ಡ್ ಆಯಿತು, ಆ ಜಿಗಿತವೂ ರೆಕಾರ್ಡ್ ಆಯಿತು, ಇಬ್ಬರ ತಲೆಗಳು ನೀರಿನಲ್ಲಿ ಮರೆಯಾದದ್ದೂ ರೆಕಾರ್ಡ್ ಆಯಿತು.

ಆಗ ನಾವೆಲ್ಲ ಪ್ರಾಥಮಿಕ ಶಾಲೆಯಲ್ಲಿದ್ದವರು. ಆದರೂ ನನ್ನ ವಯಸ್ಸಿನ ಯಾರನ್ನು ಕೇಳಿದರೂ ಆ ದೃಶ್ಯ ನೆನಪಿದೆ ಎನ್ನುತ್ತಾರೆ. ನೆನಪಿರದೆ ಇರಲು ಸಾಧ್ಯವೇ? ಸುದ್ದಿ ವಾಹಿನಿಗಳು ಅದನ್ನು ಮತ್ತೆ ಮತ್ತೆ ತೋರಿಸಿದವು. ಊಟಕ್ಕೆ ಕುಳಿತಾಗಲೂ ಅದೇ, ಮಲಗುವ ಮುನ್ನವೂ ಅದೇ. ಇಬ್ಬರು ಮನುಷ್ಯರ ಸಾವನ್ನು ನಾವು ಮನೆಮಂದಿಯೆಲ್ಲ ಕುಳಿತು ಹತ್ತಾರು ಸಲ ನೋಡಿದೆವು. ಅದೇ ದೃಶ್ಯವನ್ನು ಅವರ ಮನೆಯವರೂ ಎಲ್ಲೋ ಕುಳಿತು ನೋಡುತ್ತಿರಬಹುದು ಎಂಬ ಯೋಚನೆ ಎಷ್ಟು ಜನರಿಗೆ ಬಂದಿತ್ತೋ ಗೊತ್ತಿಲ್ಲ.

ಅಂದಿನ ವಿಪರ್ಯಾಸ ಸರಳವಾದದ್ದು. ಕ್ಯಾಮೆರಾಗಳು ಸಿದ್ಧವಾಗಿದ್ದವು, ರಕ್ಷಣೆಯ ವ್ಯವಸ್ಥೆ ಸಿದ್ಧವಿರಲಿಲ್ಲ. ಮೋಟಾರು ದೋಣಿ ಸಮಯಕ್ಕೆ ನೆರವಾಗಲಿಲ್ಲ. ಹಾಗೆಂದು ಕ್ಯಾಮೆರಾವನ್ನೇ ದೂರಿದರೆ ಮುಗಿಯಿತೇ? ಆ ದೃಶ್ಯಗಳು ಇಲ್ಲದಿದ್ದರೆ ಯಾರಿಗೆ ಲೈಫ್ ಜಾಕೆಟ್ ಇತ್ತು, ಯಾರಿಗೆ ಇರಲಿಲ್ಲ ಎಂಬುದು ನಾಡಿಗೆಲ್ಲ ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ. ಒಂದೇ ವಿಡಿಯೊ ಸಾಕ್ಷಿಯೂ ಆಯಿತು, ತಮಾಷೆಯೂ ಆಯಿತು. ನೀರಿನಲ್ಲಿ ಜೀವ ಹೋಗುವಾಗ, ಅದನ್ನು ಉಳಿಸಲು ಯಾರೋ ಹೆಣಗಾಡುವಾಗ, ಕ್ಯಾಮೆರಾ ಹಿಡಿಯುವುದು ಸರಿಯೋ ತಪ್ಪೋ ಎಂಬ ಪ್ರಶ್ನೆ ಅದಕ್ಕೇ ಅಷ್ಟು ಸುಲಭವಲ್ಲ.

ಚಿತ್ರೀಕರಣದಿಂದಲೇ ಸಿಕ್ಕ ಪಾಠ

ಮುಳುಗುತ್ತಿರುವವರು ಕೈ ಬೀಸಿ, ‘ಕಾಪಾಡಿ ಕಾಪಾಡಿ’ ಎಂದು ಕೂಗುತ್ತಾರೆ ಎಂದು ಸಿನಿಮಾ ನಮಗೆ ಕಲಿಸಿದೆ. ನಿಜದಲ್ಲಿ ಹಾಗಾಗುವುದು ಕಡಿಮೆ. ನ್ಯೂಯಾರ್ಕ್‌ನ ಆರ್ಚರ್ಡ್ ಬೀಚ್‌ನಲ್ಲಿ ಜೀವರಕ್ಷಕರಾಗಿದ್ದ ಫ್ರಾನ್ಸೆಸ್ಕೊ ಪಿಯಾ ಎಂಬುವರು 1970ರ ಸುಮಾರಿಗೆ ಒಂದು ಕೆಲಸ ಮಾಡಿದರು. ಕಡಲತೀರದಲ್ಲಿ ಕ್ಯಾಮೆರಾ ಇಟ್ಟು, ಜನ ನಿಜವಾಗಿ ಮುಳುಗುವುದನ್ನೂ ಜೀವರಕ್ಷಕರು ಅವರನ್ನು ಎಳೆದು ತರುವುದನ್ನೂ ಚಿತ್ರೀಕರಿಸಿದರು. ಆಮೇಲೆ ಆ ರೀಲುಗಳನ್ನು ಕುಳಿತು ಪರೀಕ್ಷಿಸಿದರು.

ಅವರಿಗೆ ಕಂಡದ್ದು ಇಷ್ಟು: ನಿಜವಾಗಿ ಮುಳುಗುವವರಿಗೆ ಕೂಗಲು ಉಸಿರೇ ಇರುವುದಿಲ್ಲ. ಬಾಯಿ ನೀರಿನ ಮೇಲೆ ಬಂದ ಅರೆಕ್ಷಣದಲ್ಲಿ ಉಸಿರು ಎಳೆದುಕೊಳ್ಳುವುದೇ ಸಾಹಸ. ಕೈಗಳು ಮೇಲೆತ್ತಿ ಬೀಸುವುದಿಲ್ಲ, ಏಣಿ ಹತ್ತುವವರಂತೆ ಅಕ್ಕಪಕ್ಕದ ನೀರನ್ನು ಒತ್ತುತ್ತಿರುತ್ತವೆ. ದೇಹ ನೆಟ್ಟಗೆ ನಿಂತಂತೆ ಇರುತ್ತದೆ. ಇದೆಲ್ಲ ನಡೆಯುವುದು ಹೆಚ್ಚೆಂದರೆ 20ರಿಂದ 60 ಸೆಕೆಂಡ್. ಆಮೇಲೆ ನೀರಿನ ಮೇಲೆ ಏನೂ ಕಾಣುವುದಿಲ್ಲ. ಇಂದು ಜಗತ್ತಿನ ಜೀವರಕ್ಷಕರ ತರಬೇತಿಯಲ್ಲಿ ಈ ಪಾಠ ಇದೆ.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ರಕ್ಷಣಾ ಕಾರ್ಯವನ್ನು ಚಿತ್ರೀಕರಿಸಿದ್ದರಿಂದಲೇ ಈ ತಿಳಿವಳಿಕೆ ಸಿಕ್ಕಿತು. ಚಿತ್ರೀಕರಣವೆಲ್ಲ ಅನೈತಿಕ ಎನ್ನುವವರು ಇದಕ್ಕೆ ಉತ್ತರ ಕೊಡಬೇಕಾಗುತ್ತದೆ. ಎರಡು, ಅಲ್ಲಿ ಕ್ಯಾಮೆರಾ ನಡೆಯುವಾಗ ರಕ್ಷಿಸುವವರು ರಕ್ಷಿಸುತ್ತಲೇ ಇದ್ದರು. ಕ್ಯಾಮೆರಾಕ್ಕಾಗಿ ಯಾರ ಕೈಯೂ ನಿಲ್ಲಲಿಲ್ಲ. ನಮ್ಮ ಕೆರೆ ದಂಡೆಯ ಮೊಬೈಲ್ ವಿಡಿಯೊಗಳಿಗೂ ಇದಕ್ಕೂ ಇರುವ ಅಂತರ ಅದು. ಆ 60 ಸೆಕೆಂಡ್‌ಗಳಲ್ಲಿ ಫೋನ್ ಕಿಸೆಯಿಂದ ತೆಗೆದು, ಲಾಕ್ ಬಿಚ್ಚಿ, ಕ್ಯಾಮೆರಾ ತೆರೆದು, ಅಡ್ಡ ಹಿಡಿಯುವಷ್ಟರಲ್ಲಿ ಅರ್ಧ ಸಮಯ ಮುಗಿದಿರುತ್ತದೆ. ಅಂಗೈಯಗಲದ ಪರದೆಯಲ್ಲಿ ನೋಡುವವನಿಗೆ, ಸದ್ದಿಲ್ಲದೆ ಮುಳುಗುತ್ತಿರುವವನು ನೀರಾಟ ಆಡುತ್ತಿರುವಂತೆಯೇ ಕಾಣಬಹುದು.

270 ಮೀಟರ್ ಆಳದ ಒಂದು ಟೇಪು

ಮುಳುಗು ಅವಘಡದ ಚಿತ್ರೀಕರಣ ಎಂದರೆ ಡೈವಿಂಗ್ ಲೋಕದಲ್ಲಿ ಎಲ್ಲರಿಗೂ ನೆನಪಾಗುವುದು ದಕ್ಷಿಣ ಆಫ್ರಿಕಾದ ಬೂಸ್ಮನ್ಸ್‌ಗಾಟ್. ಅದು ಸಿಹಿನೀರು ತುಂಬಿದ ಒಂದು ಮಹಾ ಬಿಲ. 1994ರ ಡಿಸೆಂಬರ್‌ನಲ್ಲಿ ಡಿಯೊನ್ ಡ್ರೇಯರ್ ಎಂಬ 20 ವರ್ಷದ ಯುವಕ ಅಲ್ಲಿ ಮುಳುಗಿ ಸತ್ತ. ದೇಹ ಸಿಗಲಿಲ್ಲ. ಹತ್ತು ವರ್ಷಗಳ ನಂತರ, 2004ರ ಅಕ್ಟೋಬರ್‌ನಲ್ಲಿ ಡೇವ್ ಶಾ ಎಂಬ ಆಸ್ಟ್ರೇಲಿಯಾದ ವಿಮಾನ ಪೈಲಟ್ 270 ಮೀಟರ್ ಆಳಕ್ಕೆ ಇಳಿದಾಗ ಆ ದೇಹವನ್ನು ಕಂಡ. ಮಗನನ್ನು ಮೇಲೆ ತಂದುಕೊಡುತ್ತೇನೆ ಎಂದು ತಂದೆ ತಾಯಿಗೆ ಮಾತು ಕೊಟ್ಟ. 2005ರ ಜನವರಿ 8ರಂದು ತಂಡ ಕಟ್ಟಿಕೊಂಡು ಮತ್ತೆ ಇಳಿದ. ಹೆಲ್ಮೆಟ್ ಮೇಲೆ ಕ್ಯಾಮೆರಾ ಇತ್ತು.

ಶಾ ಮೇಲೆ ಬರಲಿಲ್ಲ. ತಳದಲ್ಲಿ ಅಂಟಿಕೊಂಡಿರುತ್ತದೆ ಎಂದುಕೊಂಡಿದ್ದ ದೇಹ ತೇಲತೊಡಗಿತು. ಅದನ್ನು ಚೀಲಕ್ಕೆ ಸೇರಿಸುವ ಹೆಣಗಾಟದಲ್ಲಿ ದೀಪಕ್ಕೆ ಹಗ್ಗ ತೊಡರಿತು. ಬಿಡಿಸಿಕೊಳ್ಳಲು ಪಟ್ಟ ಶ್ರಮದಲ್ಲಿ ಉಸಿರಾಟ ಕೈಕೊಟ್ಟಿತು. ನಾಲ್ಕು ದಿನಗಳ ನಂತರ ಪೊಲೀಸ್ ಡೈವರ್‌ಗಳು ಹಗ್ಗ ಎಳೆದು ಬಿಚ್ಚುತ್ತಿದ್ದಾಗ ಎರಡೂ ದೇಹಗಳು ಮೇಲೆ ಬಂದವು. ಕೊಟ್ಟ ಮಾತು ಹಾಗೆ ನೆರವೇರಿತು. ಕ್ಯಾಮೆರಾದಲ್ಲಿ ಶಾನ ಕೊನೆಯ ನಿಮಿಷಗಳೆಲ್ಲ ದಾಖಲಾಗಿದ್ದವು.

ಆ ಟೇಪನ್ನು ಏನು ಮಾಡಬೇಕಿತ್ತು? ಅದನ್ನು ಡೈವಿಂಗ್ ವೈದ್ಯಕೀಯ ತಜ್ಞರು ಪರಿಶೀಲಿಸಿದರು. ಸೈಮನ್ ಮಿಚೆಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಬಂಧ ಪ್ರಕಟಿಸಿದರು. ಅಷ್ಟು ಆಳದಲ್ಲಿ ಒತ್ತಡ ನಾವಿಲ್ಲಿ ಅನುಭವಿಸುವುದಕ್ಕಿಂತ ಸುಮಾರು 28 ಪಟ್ಟು. ಉಸಿರಾಡುವ ಅನಿಲವೇ ಮಂದವಾಗಿ, ಎಳೆಯುವುದೂ ಬಿಡುವುದೂ ಶ್ರಮದ ಕೆಲಸವಾಗುತ್ತದೆ. ಸ್ವಲ್ಪ ದುಡಿದರೂ ದೇಹದಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚುತ್ತದೆ, ಅದನ್ನು ಹೊರಹಾಕಲು ಇನ್ನಷ್ಟು ಉಸಿರಾಡಬೇಕು, ಆ ಉಸಿರಾಟವೇ ಮತ್ತಷ್ಟು ಶ್ರಮ. ಒಮ್ಮೆ ಈ ಸುಳಿಗೆ ಬಿದ್ದರೆ ಹೊರಬರುವುದು ಕಷ್ಟ. ಟೇಪಿನಲ್ಲಿ ಕೇಳುವ ಉಸಿರಿನ ಸದ್ದಿನಿಂದ ಇದನ್ನು ತಿಳಿಯಲು ಸಾಧ್ಯವಾಯಿತು. ಇಂದು ಆಳಕ್ಕೆ ಇಳಿಯುವ ಡೈವರ್‌ಗಳು ಅನಿಲದ ಸಾಂದ್ರತೆಯ ಬಗ್ಗೆ ಎಚ್ಚರದಿಂದ ಇರುವುದರಲ್ಲಿ ಈ ಸಾವಿನ ಪಾಠವೂ ಸೇರಿದೆ.

ಆದರೆ ಅದೇ ಘಟನೆಯ ವಿಡಿಯೊ ತುಣುಕುಗಳು ಯೂಟ್ಯೂಬ್‌ನಲ್ಲಿಯೂ ಇವೆ. ಅಲ್ಲಿಗೆ ಬರುವವರು ಸಾಂದ್ರತೆ ಕಲಿಯಲು ಬರುವುದಿಲ್ಲ. ‘ಸಾಯುವ ಮುಂಚಿನ ಕೊನೆಯ ಕ್ಷಣ’ ಎಂಬ ಶೀರ್ಷಿಕೆ ನೋಡಿ ಬರುತ್ತಾರೆ. ಈಜಿಪ್ಟ್‌ನ ದಹಬ್ ಬ್ಲೂಹೋಲ್‌ನಲ್ಲಿ 2000ನೇ ಇಸವಿಯಲ್ಲಿ ಸತ್ತ ರಷ್ಯಾದ ಯುವಕನೊಬ್ಬನ ಕ್ಯಾಮೆರಾದ ಕಥೆಯೂ ಇಷ್ಟೇ. ಹೆತ್ತ ತಾಯಿಯ ಕೈ ಸೇರಿದ ದೃಶ್ಯ ಇಂದು ಯಾರು ಬೇಕಾದರೂ ರಾತ್ರಿ ನಿದ್ದೆ ಬಾರದಾಗ ನೋಡುವ ವಿಡಿಯೊ.

ಟೇಪು ಒಂದೇ. ಪ್ರಯೋಗಾಲಯದ ಮೇಜಿನ ಮೇಲೆ ಅದು ಪಾಠ, ಫೀಡ್‌ನಲ್ಲಿ ಅದು ಸರಕು. ಹಾಗಾಗಿ ‘ಚಿತ್ರೀಕರಿಸಬಹುದೇ’ ಎಂಬ ಪ್ರಶ್ನೆಯಷ್ಟೇ ಮುಖ್ಯವಾದದ್ದು ‘ಚಿತ್ರೀಕರಿಸಿದ್ದು ಯಾರ ಕೈಗೆ ಹೋಗಬೇಕು’ ಎಂಬುದು ಎಂದು ನನಗೆ ಅನ್ನಿಸುತ್ತದೆ.

ಗೆಳೆಯರೇ ಒಪ್ಪಿ ಮಾಡಿದ ಚಿತ್ರ

2014ರ ಫೆಬ್ರುವರಿಯಲ್ಲಿ ನಾರ್ವೆಯ ಪ್ಲೂರಾ ಗುಹೆಯಲ್ಲಿ ಫಿನ್ಲೆಂಡಿನ ಐವರು ಡೈವರ್‌ಗಳ ಪೈಕಿ ಇಬ್ಬರು ಸತ್ತರು. ದೇಹಗಳನ್ನು ತೆಗೆಯುವುದು ತೀರಾ ಅಪಾಯ ಎಂದು ಅಧಿಕೃತ ಕಾರ್ಯಾಚರಣೆ ನಿಲ್ಲಿಸಲಾಯಿತು. ಬದುಕಿ ಬಂದ ಗೆಳೆಯರು ಸುಮ್ಮನಿರಲಿಲ್ಲ. ಮುಂದಿನ ತಿಂಗಳೇ ಯಾರಿಗೂ ಹೇಳದೆ ಮತ್ತೆ ಇಳಿದು ಇಬ್ಬರನ್ನೂ ಹೊರತಂದರು. ಅವರೊಂದಿಗೆ ಕ್ಯಾಮೆರಾವೂ ಹೋಗಿತ್ತು. 2016ರಲ್ಲಿ ಹುವಾನ್ ರೀನಾ ನಿರ್ದೇಶನದಲ್ಲಿ ‘ಡೈವಿಂಗ್ ಇಂಟು ದಿ ಅನ್‌ನೋನ್’ ಎಂಬ ಸಾಕ್ಷ್ಯಚಿತ್ರವಾಗಿ ಅದು ಬಂತು.

ಇದನ್ನು ಯಾರೂ ಕಿಡಿಗೇಡಿತನ ಎನ್ನಲಾರರು. ಕ್ಯಾಮೆರಾ ಹಿಂದೆ ಇದ್ದವರು ದಾರಿಹೋಕರಲ್ಲ. ಯಾರನ್ನು ತೋರಿಸಲಾಗುತ್ತಿದೆಯೋ ಅವರೇ ಒಪ್ಪಿದ್ದರು. ಘಟನೆ ಆದ ಮರುಗಳಿಗೆಯಲ್ಲಿ ಅಲ್ಲ, ಎರಡು ವರ್ಷ ಕುಳಿತು ಜೋಡಿಸಿದ ಮೇಲೆ ಅದು ಹೊರಗೆ ಬಂತು. ಒಪ್ಪಿಗೆ ಮತ್ತು ಸಮಯ, ಈ ಎರಡೂ ನಮ್ಮ ‘ಲೈವ್’ ಯುಗದಲ್ಲಿ ಕಾಣೆಯಾಗಿರುವ ಸಂಗತಿಗಳು. ನಮ್ಮಲ್ಲಿ ಎಷ್ಟೋ ಸಲ ಮಗ ನೀರುಪಾಲಾದ ಸುದ್ದಿ ಮನೆಗೆ ಪೊಲೀಸರಿಂದ ತಲುಪುವ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ತಲುಪಿರುತ್ತದೆ. ಅಂಗಿಯ ಬಣ್ಣ ನೋಡಿ ತಾಯಿ ಗುರುತು ಹಿಡಿಯಬೇಕು! ಅದಕ್ಕಿಂತ ಕ್ರೂರವಾದದ್ದು ಇದೆಯೇ?

ಶಿರೂರಿನ ಗಂಗಾವಳಿ ಹೇಳುವುದು

ನಮ್ಮ ನಾಡಿನಲ್ಲೇ ಇತ್ತೀಚೆಗೆ ಇದರ ಎರಡೂ ಮುಖ ಕಂಡೆವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ, ಗಂಗಾವಳಿ ನದಿಯ ಒಳಗೆ ಬಿತ್ತು. ಕೇರಳದ ಲಾರಿ ಚಾಲಕ ಅರ್ಜುನ್ ಅವರಿಗಾಗಿ ತುಂಬಿ ಹರಿಯುವ ನದಿಯಲ್ಲಿ ಮುಳುಗು ತಜ್ಞರು ಹುಡುಕಿದರು. ಮಲ್ಪೆಯ ಈಶ್ವರ್ ಅವರು ಸೆಳವಿಗೆ ಎದೆಕೊಟ್ಟು ಇಳಿದದ್ದನ್ನು ಎರಡೂ ರಾಜ್ಯಗಳ ಜನ ನೋಡಿದರು. ಹಗಲು ರಾತ್ರಿ ನೇರ ಪ್ರಸಾರ ನಡೆಯಿತು. ಗೋವಾದಿಂದ ಡ್ರೆಜ್ಜರ್ ತರಿಸಿ, ಕೊನೆಗೆ ಸೆಪ್ಟೆಂಬರ್ 25ರಂದು ಲಾರಿ ಮತ್ತು ದೇಹ ಸಿಕ್ಕವು.

ಕ್ಯಾಮೆರಾಗಳು ಅಲ್ಲಿ ಇಲ್ಲದಿದ್ದರೆ ಎರಡು ತಿಂಗಳು ದಾಟಿ ಹುಡುಕಾಟ ನಡೆಯುತ್ತಿತ್ತೇ? ನನಗೆ ಅನುಮಾನ. ಜನ ನೋಡುತ್ತಿದ್ದಾರೆ ಎಂಬ ಕಾರಣಕ್ಕೇ ಆಡಳಿತಗಳು ಕೈಬಿಡಲಿಲ್ಲ. ಇದು ಕ್ಯಾಮೆರಾದ ಪುಣ್ಯದ ಲೆಕ್ಕ. ಇನ್ನೊಂದು ಕಡೆಯ ಲೆಕ್ಕವೂ ಇದೆ. ಅದೇ ಗುಡ್ಡದಡಿ ಸಿಲುಕಿದ ಸ್ಥಳೀಯರೂ ಇದ್ದರು. ಅವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ? ಕ್ಯಾಮೆರಾ ಎತ್ತ ತಿರುಗಿತೋ ಅತ್ತ ಮಾತ್ರ ನಮ್ಮ ಕಣ್ಣೀರು ಹರಿಯಿತು. ದುಃಖದಲ್ಲಿರುವ ಮನೆಯೊಳಗೆ ಮೈಕ್ ಹಿಡಿದು ನುಗ್ಗಿ ‘ಈಗ ನಿಮಗೆ ಏನನ್ನಿಸುತ್ತಿದೆ’ ಎಂದು ಕೇಳುವ ಚಾಳಿಯಂತೂ ಯಾವ ದುರಂತವನ್ನೂ ಬಿಟ್ಟಿಲ್ಲ.

ಮುಳುಗು ತಜ್ಞರ ಮೇಲೆ ಇದರ ಪರಿಣಾಮ ಏನು ಎಂಬುದನ್ನೂ ಯೋಚಿಸಬೇಕು. ಕೆಸರು ನೀರಿನ ಒಳಗೆ ಕಣ್ಣು ಕಾಣುವುದಿಲ್ಲ, ಕೈಯಲ್ಲೇ ತಡವಿ ಹುಡುಕಬೇಕು. ಸೆಳವು ಹೆಚ್ಚಾದರೆ ‘ಇವತ್ತು ಸಾಕು’ ಎಂದು ಮೇಲೆ ಬರುವ ಸ್ವಾತಂತ್ರ್ಯ ಅವರಿಗೆ ಇರಲೇಬೇಕು. ದಂಡೆಯ ಮೇಲೆ ನೂರು ಕ್ಯಾಮೆರಾ ಕಾಯುತ್ತಿರುವಾಗ ‘ಆಗಲ್ಲ’ ಎಂದು ಹೇಳುವುದು ಸುಲಭವಲ್ಲ. ರಕ್ಷಿಸಲು ಹೋದವರು ಅಪಾಯಕ್ಕೆ ಸಿಲುಕುವುದು ಇಂತಹ ಒತ್ತಡದಲ್ಲೇ.

ಕಾನೂನು ಎಲ್ಲಿದೆ?

ಜರ್ಮನಿ ಈ ವಿಷಯದಲ್ಲಿ ಕಠಿಣ ದಾರಿ ಹಿಡಿದಿದೆ. ಅಸಹಾಯಕ ಸ್ಥಿತಿಯಲ್ಲಿ ಇರುವವರ ಚಿತ್ರ ತೆಗೆಯುವುದು ಅಲ್ಲಿ ಅಪರಾಧ. 2021ರಿಂದ ಸತ್ತವರ ಅವಮಾನಕರ ಚಿತ್ರಗಳಿಗೂ ಅದು ಅನ್ವಯ. ಎರಡು ವರ್ಷಗಳವರೆಗೆ ಜೈಲು ಸಾಧ್ಯ. ನೆರವಿಗೆ ಬಂದವರಿಗೆ ಅಡ್ಡಿಪಡಿಸುವುದೂ 2017ರಿಂದ ಪ್ರತ್ಯೇಕ ಅಪರಾಧ. ಅಲ್ಲಿನ ಯೊಹಾನಿಟರ್ ಎಂಬ ನೆರವು ಸಂಸ್ಥೆ ಇನ್ನೂ ಒಂದು ಜಾಣತನ ಮಾಡಿತು. ಆಂಬುಲೆನ್ಸ್ ಮೇಲೆ ದೊಡ್ಡ ಕ್ಯೂಆರ್ ಕೋಡ್ ವಿನ್ಯಾಸ ಅಂಟಿಸಿತು. ವಿಡಿಯೊ ಮಾಡಲು ಫೋನ್ ಹಿಡಿದರೆ ‘ಬಿಟ್ಟ ಕಣ್ಣಿನಿಂದ ನೋಡುತ್ತ ನಿಲ್ಲುವುದು ಕೊಲ್ಲುತ್ತದೆ’ ಎಂಬರ್ಥದ ಎಚ್ಚರಿಕೆ ಪರದೆಯ ಮೇಲೆ ಮೂಡುತ್ತದೆ. ಎಂಜಿನಿಯರಿಂಗ್ ಓದುವವನಾಗಿ ನನಗೆ ಇದು ಬಹಳ ಹಿಡಿಸಿತು. ತಂತ್ರಜ್ಞಾನದ ಚಟಕ್ಕೆ ತಂತ್ರಜ್ಞಾನದಿಂದಲೇ ಮದ್ದು.

ನಮ್ಮಲ್ಲಿ ಸಂವಿಧಾನದ 21ನೇ ವಿಧಿಯ ಘನತೆಯ ಹಕ್ಕು ಮೃತದೇಹಕ್ಕೂ ಇದೆ ಎಂದು ಸುಪ್ರೀಂ ಕೋರ್ಟ್ 1995ರಷ್ಟು ಹಿಂದೆಯೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. 2023ರ ಜನವರಿಯಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ, ಅಪಘಾತ ಮತ್ತು ಸಾವಿನ ಭೀಕರ ದೃಶ್ಯಗಳನ್ನು ಹಾಗೆಯೇ ತೋರಿಸದಂತೆ ಟಿ.ವಿ. ವಾಹಿನಿಗಳಿಗೆ ಸೂಚನೆ ನೀಡಿತು. ಸಾಮಾಜಿಕ ಜಾಲತಾಣದಿಂದ ಎತ್ತಿಕೊಂಡ ವಿಡಿಯೊಗಳನ್ನು ತಿದ್ದದೆ ಪ್ರಸಾರ ಮಾಡುವುದನ್ನೂ ಅದು ಆಕ್ಷೇಪಿಸಿತ್ತು. ಅಂದರೆ ವಾಹಿನಿಗೆ ಕಚ್ಚಾ ಸರಕು ಒದಗಿಸುತ್ತಿರುವುದು ನಾವೇ, ನಮ್ಮ ಫೋನ್‌ಗಳೇ. ವಾಹಿನಿಗಾದರೂ ಒಬ್ಬ ಸಂಪಾದಕ ಇರುತ್ತಾನೆ. ನಮ್ಮ ಫೋನಿಗೆ ಸಂಪಾದಕರು ನಾವೇ.

ಹಾಗಾದರೆ ದಂಡೆಯಲ್ಲಿ ನಿಂತವರು ಏನು ಮಾಡಬೇಕು?

‘ವಿಡಿಯೊ ಮಾಡುವ ಬದಲು ಹಾರಬೇಕಿತ್ತು’ ಎಂದು ಕಮೆಂಟ್ ಹಾಕುವುದು ಸುಲಭ. ಅದು ತಪ್ಪು ಸಲಹೆ ಕೂಡ. ಒಬ್ಬನನ್ನು ಉಳಿಸಲು ಇನ್ನೊಬ್ಬ, ಅವನನ್ನು ಉಳಿಸಲು ಮತ್ತೊಬ್ಬ ಹಾರಿ, ಗೆಳೆಯರೆಲ್ಲ ನೀರುಪಾಲಾದ ಸುದ್ದಿಗಳನ್ನು ನಾವು ಪ್ರತಿ ಬೇಸಿಗೆ ರಜೆಯಲ್ಲಿ ಓದುತ್ತೇವೆ. ಮುಳುಗುವವನು ಕೈಗೆ ಸಿಕ್ಕವರನ್ನು ಅಪ್ಪಿ ಹಿಡಿಯುತ್ತಾನೆ. ಅದು ಅವನ ತಪ್ಪಲ್ಲ, ದೇಹದ ಗುಣ. ತರಬೇತಿ ಇಲ್ಲದವರು ನೀರಿಗೆ ಇಳಿಯಬಾರದು.

ಆದರೆ ಹಾರುವುದು ಮತ್ತು ವಿಡಿಯೊ ಮಾಡುವುದು, ಈ ಎರಡರ ನಡುವೆ ಮಾಡಬಹುದಾದ ಕೆಲಸ ಬೇಕಾದಷ್ಟಿವೆ. ಬಿದಿರು ಗಳವೋ ಉದ್ದನೆಯ ಕೊಂಬೆಯೋ ಚಾಚಬಹುದು. ಸೀರೆ, ಪಂಚೆ, ಹಗ್ಗ ಎಸೆಯಬಹುದು. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್ ಒಬ್ಬ ಮನುಷ್ಯನನ್ನು ತೇಲಿಸಿ ಹಿಡಿಯಬಲ್ಲದು. ಒಬ್ಬರು 112ಕ್ಕೆ ಕರೆ ಮಾಡಿ ಜಾಗದ ಗುರುತು ಸರಿಯಾಗಿ ಹೇಳಬೇಕು. ಇನ್ನೊಬ್ಬರು ರಸ್ತೆಗೆ ಓಡಿ, ಬರುವ ಅಗ್ನಿಶಾಮಕ ದಳಕ್ಕೆ ದಾರಿ ತೋರಿಸಬೇಕು. ಮತ್ತೊಬ್ಬರು ಮುಳುಗಿದ ಜಾಗದಿಂದ ಕಣ್ಣು ಕೀಳಬಾರದು. ನೀರಿನ ಮೇಲೆ ಗುರುತು ಹಾಕಲು ಆಗುವುದಿಲ್ಲ. ತಾವು ನಿಂತ ಕಡೆಯಿಂದ ಆ ಜಾಗದ ನೇರಕ್ಕೆ ಆಚೆ ದಡದಲ್ಲಿ ಯಾವ ಮರ, ಯಾವ ಬಂಡೆ ಇದೆ ಎಂದು ನೆನಪಿಡಬೇಕು. ಸ್ವಲ್ಪ ದೂರದಲ್ಲಿ ನಿಂತ ಇನ್ನೊಬ್ಬರೂ ಹಾಗೆಯೇ ಗುರುತಿಟ್ಟುಕೊಂಡರೆ, ಎರಡು ಗೆರೆಗಳು ಕೂಡುವ ಜಾಗವೇ ಮುಳುಗು ತಜ್ಞರು ಇಳಿಯಬೇಕಾದ ಜಾಗ. ಹೈಸ್ಕೂಲಿನ ರೇಖಾಗಣಿತ ಒಂದು ಜೀವ ಉಳಿಸಬಹುದು, ಇಲ್ಲವೇ ಒಂದು ಮನೆಗೆ ದೇಹವನ್ನಾದರೂ ಬೇಗ ತಲುಪಿಸಬಹುದು.

ಫೋನಿನ ಕ್ಯಾಮೆರಾಕ್ಕೂ ಇಲ್ಲಿ ಕೆಲಸವಿದೆ. ನೆರವಿನ ಕೆಲಸಗಳೆಲ್ಲ ಹಂಚಿಕೆಯಾದ ಮೇಲೂ ಕೈ ಖಾಲಿ ಇರುವವರು, ಯಾರಿಗೂ ಅಡ್ಡ ಬಾರದೆ, ಆ ಜಾಗವನ್ನು ಎದುರು ದಡದ ಗುರುತುಗಳೊಂದಿಗೆ ಹತ್ತು ಸೆಕೆಂಡ್ ಚಿತ್ರೀಕರಿಸಲಿ. ಸುರಕ್ಷತೆಯ ಲೋಪ ಕಂಡರೆ, ಉದಾಹರಣೆಗೆ ಎಚ್ಚರಿಕೆ ಫಲಕ ಇಲ್ಲದ್ದು, ಲೈಫ್ ಜಾಕೆಟ್ ಇಲ್ಲದೆ ದೋಣಿ ಓಡಿಸಿದ್ದು, ಅದನ್ನೂ ದಾಖಲಿಸಲಿ. ಆದರೆ ಆ ವಿಡಿಯೊ ಹೋಗಬೇಕಾದದ್ದು ರಕ್ಷಣಾ ತಂಡಕ್ಕೆ, ಪೊಲೀಸರಿಗೆ, ಬೇಕಿದ್ದರೆ ಮುಖ ಮರೆಮಾಡಿ ಪತ್ರಿಕೆಗೆ. ಕಾಲೇಜಿನ ಗ್ರೂಪಿಗಲ್ಲ.

ನನ್ನ ಮಟ್ಟಿಗೆ ನಾಲ್ಕು ಪ್ರಶ್ನೆ ಕೇಳಿಕೊಂಡರೆ ಸಾಕು ಎನ್ನಿಸುತ್ತದೆ. ಈಗ ನನ್ನ ಕೈಯಿಂದ ಆಗಬೇಕಾದ ಬೇರೆ ಕೆಲಸ ಇದೆಯೇ? ನನ್ನ ಕ್ಯಾಮೆರಾದಿಂದ ರಕ್ಷಿಸುವವರಿಗೆ ತೊಂದರೆ ಆಗುತ್ತಿದೆಯೇ? ಈ ದೃಶ್ಯದಿಂದ ಯಾರಿಗೆ ಉಪಯೋಗ? ನೀರಿನಲ್ಲಿ ಇರುವುದು ನನ್ನ ತಮ್ಮನಾಗಿದ್ದರೆ ಇದನ್ನು ಕಳುಹಿಸುತ್ತಿದ್ದೆನೇ? ಮೊದಲ ಮೂರಕ್ಕೆ ಏನಾದರೂ ಸಬೂಬು ಹುಡುಕಬಹುದು. ನಾಲ್ಕನೆಯದಕ್ಕೆ ಸಬೂಬು ಸಿಗುವುದಿಲ್ಲ.

ಇದು ಚಿತ್ರ ತೆಗೆಯುವವರಿಗೆ ಮಾತ್ರ ಹೇಳುವ ಮಾತೂ ಅಲ್ಲ. ತೆಗೆದವನು ಒಬ್ಬ, ಕಳುಹಿಸಿದವರು ನೂರು, ನೋಡಿದವರು ಲಕ್ಷ. ಬೇಡಿಕೆ ಇರುವವರೆಗೂ ಪೂರೈಕೆ ಇರುತ್ತದೆ. ಮುಂದಿನ ಸಲ ಯಾರದೋ ಕೊನೆಯ ಕ್ಷಣ ನಮ್ಮ ಫೋನಿಗೆ ಬಂದಾಗ ಅದನ್ನು ತೆರೆಯದೆ ಅಳಿಸಿಹಾಕುವುದು ದೊಡ್ಡ ತ್ಯಾಗವೇನಲ್ಲ. ರಜೆಯಲ್ಲಿ ಜಲಪಾತಕ್ಕೋ ಕಡಲಿಗೋ ಹೊರಡುವಾಗ ಬ್ಯಾಗಿನಲ್ಲಿ ಸೆಲ್ಫಿ ಸ್ಟಿಕ್ ಜೊತೆಗೆ ಹತ್ತು ಮೀಟರ್ ನೈಲಾನ್ ಹಗ್ಗವನ್ನೂ ಇಟ್ಟುಕೊಳ್ಳೋಣ. ಎರಡರಲ್ಲಿ ಯಾವುದು ಮೊದಲು ಕೈಗೆ ಬರುತ್ತದೆ ಎಂಬುದು ನಮ್ಮ ತಲೆಮಾರಿನ ಗುಣವನ್ನು ಹೇಳುತ್ತದೆ.